ಐವತ್ತು ಮರಿಗಳಿಗೆ ಮುಂಗಡ ಕೊಟ್ಟ ಮೇಲೆ

ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆಯ ಹಿಂದೆ 12 ಅಡಿ ಅಗಲ, 20 ಅಡಿ ಉದ್ದದ ಖಾಲಿ ಜಾಗವಿದೆ. ಒಂದು ಕರಿಬೇವಿನ ಗಿಡ, ಬಟ್ಟೆ ಒಗೆಯುವ ಕಲ್ಲು ಬಿಟ್ಟರೆ ಅಲ್ಲಿ ಬೇರೇನೂ ಇರಲಿಲ್ಲ. ಅಲ್ಲಿ ಕೋಳಿ ಸಾಕಬೇಕೆಂಬ ಆಸೆ ಹುಟ್ಟಿದ್ದು ಅವ್ವನ ಮಾತಿನಿಂದ. ಆಲಮಟ್ಟಿಯ ಹಿನ್ನೀರಿಗೆ ಮನೆ ಹೋಗುವ ಮೊದಲು ನಾವಿದ್ದದ್ದು ಹಳೆಯ ಊರಿನ ಓಣಿಯಲ್ಲಿ. ಅಲ್ಲಿ ಯಾರ ಕೋಳಿ ಯಾರ ಅಂಗಳದಲ್ಲಿ ಮೇಯ್ದರೂ ಸಂಜೆಗೆ ತನ್ನ ಬುಟ್ಟಿ ಹುಡುಕಿಕೊಂಡು ಬರುತ್ತಿತ್ತು ಎಂದು ಅವಳು ಇವತ್ತಿಗೂ ಹೇಳುತ್ತಾಳೆ. ನವನಗರದಲ್ಲಿ ಸೆಕ್ಟರುಗಳಿವೆ, ಅಳತೆ ಹಾಕಿದ ನಿವೇಶನಗಳಿವೆ, ಮನೆಗೊಂದು ಕಂಪೌಂಡ್ ಗೋಡೆ ಇದೆ. ಗೋಡೆಯ ಆಚೆ ಇರುವವರನ್ನು ನಾನು ಮೊದಲು ಕೇಳಬೇಕಿತ್ತು. ಕೇಳಲಿಲ್ಲ. ಮುಂದೆ ಆದದ್ದರಲ್ಲಿ ಅರ್ಧ ತೊಂದರೆ ಅಲ್ಲಿಂದಲೇ ಬಂತು, ಇನ್ನರ್ಧ ಮರಿ ಕೊಟ್ಟವರಿಂದ.

ನನಗೆ ಬೇಕಿದ್ದದ್ದು ಗಿರಿರಾಜ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ತಳಿ ಅದು. ನಾಟಿಯಂತೆ ಬಣ್ಣಬಣ್ಣದ ಗರಿ, ಮೇಯ್ದು ಬದುಕುವ ಗುಣ, ಆದರೆ ನಾಟಿಗಿಂತ ಬೇಗ ಬೆಳೆಯುತ್ತದೆ, ವರ್ಷಕ್ಕೆ ಎರಡು ಪಟ್ಟಿಗೂ ಹೆಚ್ಚು ಮೊಟ್ಟೆ ಇಡುತ್ತದೆ. ಸರ್ಕಾರಿ ಕೇಂದ್ರಗಳಲ್ಲಿ ಹೆಸರು ಬರೆಸಿ ಸರದಿ ಕಾಯಬೇಕು ಎಂದು ಕೇಳಿದ್ದರಿಂದ, ದಸರೆಯ ಹೊತ್ತಿಗೆ ಒಬ್ಬ ಖಾಸಗಿ ವ್ಯಾಪಾರಿಗೆ ಐವತ್ತು ಮರಿಗಳಿಗೆಂದು ಒಂದು ಸಾವಿರ ರೂಪಾಯಿ ಮುಂಗಡ ಕಳಿಸಿದೆ. ಮರಿಗೆ 45 ರೂಪಾಯಿ ಎಂದು ಮಾತಾಗಿತ್ತು. ‘ಮುಂದಿನ ವಾರ’ ಎಂಬ ಮಾತನ್ನು ನಾನು ದೀಪಾವಳಿಯಲ್ಲಿ ಕೇಳಿದೆ, ಕಾರ್ತೀಕ ಮುಗಿಯುವಾಗ ಕೇಳಿದೆ, ಎಳ್ಳಮಾವಾಸ್ಯೆಗೂ ಕೇಳಿದೆ. ಜನವರಿಯ ಒಂದು ರಾತ್ರಿ ಹನ್ನೊಂದು ಗಂಟೆಗೆ ಫೋನ್ ಬಂತು: ಪೆಟ್ಟಿಗೆ ಬಸ್ಸಿಗೆ ಹಾಕಿದ್ದೇವೆ, ಬೆಳಿಗ್ಗೆ ಆರಕ್ಕೆ ಇಳಿಸಿಕೊಳ್ಳಿ.

ಮೊಟ್ಟೆ ಒಡೆದು ಬರುವ ಮುನ್ನ ಮರಿ ಉಳಿದ ಹಳದಿಯನ್ನೆಲ್ಲ ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಅದರ ಬಲದ ಮೇಲೆ ಒಂದೆರಡು ದಿನ ಕಾಳು ನೀರಿಲ್ಲದೆ ತಡೆಯುತ್ತದೆ. ಮರಿಗಳನ್ನು ಹೀಗೆ ಬಸ್ಸಿನಲ್ಲಿ ಕಳಿಸಲು ಆಗುವುದು ಅದರಿಂದಲೇ. ಆದರೆ ಚಳಿಯನ್ನು ಅವು ತಡೆಯುವುದಿಲ್ಲ. ನಿಲ್ದಾಣದಲ್ಲಿ ಪೆಟ್ಟಿಗೆಯ ತೂತಿನೊಳಗೆ ಬೆರಳು ಹಾಕಿದರೆ ಮೆತ್ತಗೆ, ತಣ್ಣಗೆ ಏನೋ ತಗುಲಿತು. ಮನೆಗೆ ತಂದು ಮುಚ್ಚಳ ಬಿಚ್ಚಿದಾಗ ಮೂರು ಮರಿಗಳು ಉಳಿದವುಗಳ ಕಾಲಡಿ ಚಪ್ಪಟೆಯಾಗಿ ಹೋಗಿದ್ದವು. ಉಳಿದ ನಲವತ್ತೇಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು, ಕೊಕ್ಕನ್ನು ಬೆಲ್ಲದ ನೀರಿಗೆ ಅದ್ದಿ ಬಿಟ್ಟೆವು. ಒಂದು ಗುಟುಕು ಕುಡಿದದ್ದು ತಲೆ ಮೇಲೆತ್ತಿ ನುಂಗುವುದನ್ನು ನೋಡಿದರೆ, ಅದನ್ನು ನೋಡಿ ಪಕ್ಕದ್ದೂ ಕೊಕ್ಕು ಅದ್ದುವುದನ್ನು ನೋಡಿದರೆ, ಮೂರು ತಿಂಗಳು ಕಾದ ಸಿಟ್ಟು ಅರ್ಧಕ್ಕೆ ಇಳಿಯಿತು.

ಶಾಖದ ವಿಷಯದಲ್ಲಿ ನನಗೆ ಧೈರ್ಯವಿತ್ತು. ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವುದೇ ನನ್ನ ಕೆಲಸ, ವಿದ್ಯುತ್ತು ನನ್ನ ಅನ್ನ. ಮೊದಲ ವಾರ ಮರಿಗಳಿಗೆ 35 ಡಿಗ್ರಿಯಷ್ಟು ಶಾಖ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಹೋಗಬೇಕು. ಮರಿಗೆ ಎರಡು ವ್ಯಾಟ್ ಲೆಕ್ಕ. ಈಗಿನ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಶಾಖ ಕೊಡುವುದಿಲ್ಲ. ಹಳೆಯ ತಂತಿಯ ಬಲ್ಬೇ ಬೇಕು. 60 ವ್ಯಾಟಿನ ಎರಡನ್ನು ನಾಲ್ಕು ಅಂಗಡಿ ಅಲೆದು ತಂದೆ. ನೂರು ವ್ಯಾಟಿನ ಒಂದಕ್ಕಿಂತ ಇದು ಮೇಲು, ಒಂದು ಸುಟ್ಟರೂ ಇನ್ನೊಂದು ಉಳಿದಿರುತ್ತದೆ. ಥರ್ಮಾಮೀಟರಿಗಿಂತ ಮರಿಗಳೇ ಸರಿಯಾಗಿ ಹೇಳುತ್ತವೆ: ಬಲ್ಬಿನ ಕೆಳಗೆ ಗುಂಪುಗೂಡಿ ಚೀರುತ್ತಿದ್ದರೆ ಚಳಿ, ದೂರ ಹೋಗಿ ಬಾಯಿ ತೆರೆದಿದ್ದರೆ ಸೆಕೆ, ಹರಡಿಕೊಂಡು ಮೇಯುತ್ತಿದ್ದರೆ ಸರಿ.

ಐದನೆಯ ರಾತ್ರಿ ಕರೆಂಟು ಹೋಯಿತು. ಎರಡು ಗಂಟೆಗೆ ಹೋದದ್ದು ನನಗೆ ಎಚ್ಚರವಾದದ್ದು ನಾಲ್ಕಕ್ಕೆ. ಅಷ್ಟರಲ್ಲಿ ಮರಿಗಳೆಲ್ಲ ಒಂದು ಮೂಲೆಗೆ ಒತ್ತಿಕೊಂಡು ಒಂದರ ಮೇಲೊಂದು ಹತ್ತಿದ್ದವು. ಕೆಳಗಿನ ನಾಲ್ಕು ಉಸಿರುಗಟ್ಟಿ ಸತ್ತಿದ್ದವು. ಅವ್ವ ಏನೂ ಅನ್ನದೆ ಒಲೆ ಹೊತ್ತಿಸಿ, ಒಂದು ಮಣ್ಣಿನ ಮಡಕೆಗೆ ಕೆಂಡ ತುಂಬಿ, ಮೇಲೆ ತೂತಿನ ಮುಚ್ಚಳ ಇಟ್ಟು ನಡುವೆ ಇರಿಸಿದಳು. ಹೊಗೆ ಕಟ್ಟದಂತೆ ಕಿಟಕಿಯನ್ನು ಒಂದು ಬೆರಳಷ್ಟು ತೆರೆದಿಟ್ಟಳು. ಅಂದಿನಿಂದ ಮೂರು ವಾರ ಆ ಮಡಕೆ, ಒಂದು ಬುಟ್ಟಿ ಇದ್ದಿಲು ಕೈಗೆ ಸಿಗುವಂತೆ ಪಕ್ಕದಲ್ಲೇ ಇದ್ದವು. ಮೂಲೆಗಳೇ ಇರದಂತೆ ಹಳೆಯ ತಗಡನ್ನು ದುಂಡಗೆ ಬಾಗಿಸಿ ನಿಲ್ಲಿಸಿದೆ. ಮರಿ ತರುವ ಮೊದಲೇ ಮಾಡಬೇಕಾದ ಕೆಲಸವದು.

ಲಸಿಕೆಯ ಕಥೆ ಇನ್ನೊಂದು. ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಖೇತ್‌ಗೆ, ಮೊದಲ ವಾರದಲ್ಲಿ ಲಸೋಟಾ ಲಸಿಕೆಯನ್ನು ಕಣ್ಣಿಗೆ ಒಂದು ಹನಿ ಹಾಕಬೇಕು. ಎರಡನೆಯ ವಾರ ಗಂಬೊರೊ ರೋಗದ ಲಸಿಕೆ, ನಾಲ್ಕನೆಯ ವಾರದ ಹೊತ್ತಿಗೆ ಮತ್ತೆ ಲಸೋಟಾ, ಎಂಟು ವಾರಕ್ಕೆ ಅದೇ ಕೊಕ್ಕರೆ ರೋಗಕ್ಕೆ ಆರ್‌ಟುಬಿ ಚುಚ್ಚುಮದ್ದು. ನನಗೆ ಸಿಕ್ಕ ಅತಿ ಚಿಕ್ಕ ಸೀಸೆ ನೂರು ಮರಿಗಳದು. ನನ್ನಲ್ಲಿದ್ದವು ನಲವತ್ತಮೂರು. ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ನಾಳೆಗೆ ಇಡುವಂತಿಲ್ಲ. ಚಹಾದ ಫ್ಲಾಸ್ಕಿನಲ್ಲಿ ಐಸ್ ತುಂಡುಗಳ ನಡುವೆ ಸೀಸೆ ಇಟ್ಟು ತಂದೆ. ಮರಿಯನ್ನು ಎಡಗೈಯಲ್ಲಿ ಹಿಡಿದು, ತಲೆಯನ್ನು ಹೆಬ್ಬೆರಳಿನಿಂದ ಓರೆ ಮಾಡಿ, ಕಣ್ಣಿಗೆ ಹನಿ ಬಿಟ್ಟು, ಅದು ರೆಪ್ಪೆ ಬಡಿದು ಹನಿ ಒಳಗಿಳಿಯುವವರೆಗೆ ಕಾಯಬೇಕು. ಅವಸರದಲ್ಲಿ ಕೆಳಗೆ ಬಿಟ್ಟರೆ ಅದು ತಲೆ ಕೊಡವಿ ಹನಿಯನ್ನು ಚೆಲ್ಲಿಬಿಡುತ್ತದೆ. ಅರ್ಧಕ್ಕಿಂತ ಹೆಚ್ಚು ಲಸಿಕೆ ವ್ಯರ್ಥವಾಯಿತು. ಈಗ ನಾವು ಮೂರು ಮನೆಯವರು ಒಂದೇ ವಾರ ಕೋಳಿ ತರುತ್ತೇವೆ, ಸೀಸೆಯ ಖರ್ಚು ಹಂಚಿಕೊಳ್ಳುತ್ತೇವೆ.

ಎಂಟನೆಯ ವಾರದ ಚುಚ್ಚುಮದ್ದು ಮಾರ್ಚ್ ನಡುವೆ ಬೀಳುತ್ತಿತ್ತು. ಬೋರ್‌ವೆಲ್ ನೀರು ಕೆಳಗಿಳಿದು, ವೋಲ್ಟೇಜ್ ಕುಸಿದು, ರೈತರ ಮೋಟಾರುಗಳು ಸಾಲಾಗಿ ಸುಡುವ ತಿಂಗಳು ಅದು. ಅಂಗಡಿಯಲ್ಲಿ ರಾತ್ರಿ ಹತ್ತರವರೆಗೆ ಕೆಲಸ. ಬರುವ ವಾರ ಹಾಕಿಸೋಣ ಎಂದು ಮೂರು ವಾರ ದೂಡಿದೆ. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಕಂದು ಬಣ್ಣದ ಹೇಂಟೆಯೊಂದು ರೆಕ್ಕೆ ಇಳಿಬಿಟ್ಟು ನಿಂತಿತ್ತು, ಹಸಿರು ನೀರಿನಂಥ ಹಿಕ್ಕೆ. ಮಧ್ಯಾಹ್ನಕ್ಕೆ ಅದರ ಕುತ್ತಿಗೆ ತಿರುಚಿಕೊಂಡು ಕೊಕ್ಕು ಆಕಾಶ ನೋಡತೊಡಗಿತು. ಕಾಳಿನತ್ತ ಬಾಗಲು ನೋಡುತ್ತದೆ, ಕುತ್ತಿಗೆ ಮಾತ್ರ ಹಿಂದಕ್ಕೇ ಹೋಗುತ್ತದೆ, ಸುತ್ತು ತಿರುಗಿ ಬೀಳುತ್ತದೆ. ಕೊಕ್ಕರೆ ರೋಗವೇ. ಬಂದ ಮೇಲೆ ಇದಕ್ಕೆ ಔಷಧವಿಲ್ಲ. ಐದು ದಿನಗಳಲ್ಲಿ ಹದಿಮೂರು ಕೋಳಿಗಳನ್ನು ಆಳವಾದ ಗುಂಡಿ ತೋಡಿ, ಮೇಲೆ ಸುಣ್ಣ ಸುರಿದು ಮುಚ್ಚಿದೆ. ಲಸೋಟಾ ಎರಡು ಸಲ ಬಿದ್ದಿದ್ದರಿಂದಲೇ ಉಳಿದವು ಉಳಿದವು ಎಂದು ಪಶುವೈದ್ಯರು ಹೇಳಿದರು. ಮೋಟಾರು ಒಂದು ದಿನ ತಡವಾಗಿದ್ದರೆ ರೈತ ಬೈಯುತ್ತಿದ್ದನು, ಅಷ್ಟೇ. ಆ ಒಂದು ದಿನವನ್ನು ನಾನು ಕೋಳಿಗಳಿಗೆ ಕೊಡಬೇಕಿತ್ತು.

ಇದಕ್ಕೂ ಮೊದಲೇ, ಮರಿಗಳಿಗೆ ಎಂಟು ವಾರ ತುಂಬುವಾಗ, ಇನ್ನೊಂದು ಸಂಗತಿ ಬಯಲಾಗಿತ್ತು. ಮುಂಗುಸಿ ಎರಡನ್ನು ಒಯ್ದ ಮೇಲೆ ನಲವತ್ತೊಂದು ಉಳಿದಿದ್ದವು. ಅವುಗಳಲ್ಲಿ ಇಪ್ಪತ್ತೇಳಕ್ಕೆ ಜುಟ್ಟು ಕೆಂಪಾಗಿ ದಪ್ಪವಾಗುತ್ತಿತ್ತು. ಹೆಣ್ಣು ಗಂಡು ಬೇರ್ಪಡಿಸದೆ ಕೊಟ್ಟ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜ ಬರುವುದು ಸಹಜ. ಮೂರರಲ್ಲಿ ಎರಡು ಪಾಲು ಬಂದರೆ, ಮೊಟ್ಟೆ ಕೋಳಿಗಳ ಕೇಂದ್ರದವರು ಬೇಡವೆಂದು ಅಗ್ಗಕ್ಕೆ ಬಿಡುವ ಗಂಡು ಮರಿಗಳನ್ನು ಯಾರೋ ಬೆರೆಸಿದ್ದಾರೆ ಎಂದೇ ನನ್ನ ನಂಬಿಕೆ. ಕೆಲವಂತೂ ಗಿರಿರಾಜದ ಮೈಕಟ್ಟಿನವೇ ಅಲ್ಲ, ತೆಳ್ಳಗೆ ಉದ್ದ ಕಾಲಿನವು. ವ್ಯಾಪಾರಿ ಮೊದಲು ‘ನಿಮ್ಮ ಅದೃಷ್ಟ’ ಎಂದ, ಆಮೇಲೆ ಫೋನ್ ಎತ್ತಲಿಲ್ಲ.

ಹುಂಜಗಳು ನಾಲ್ಕು ತಿಂಗಳು ತುಂಬುವ ಮೊದಲೇ ಕೂಗತೊಡಗಿದವು. ಬೆಳಕು ಕಂಡ ಮೇಲೆ ಕೂಗುತ್ತವೆ ಎಂದುಕೊಂಡಿದ್ದೆ. ಹುಂಜನ ಮೈಯೊಳಗೇ ಗಡಿಯಾರವಿರುತ್ತದೆ, ಬೆಳಕಿಗೆ ಮುಂಚೆಯೇ ಅದು ಹೊತ್ತು ತಿಳಿಯುತ್ತದೆ. ಒಂದು ಕೂಗಿದರೆ ಹತ್ತೊಂಬತ್ತೂ ಉತ್ತರ ಕೊಡುತ್ತಿದ್ದವು. ಕುತ್ತಿಗೆ ಎತ್ತಲಾಗದಂತೆ ತಗ್ಗಿನ ಪೆಟ್ಟಿಗೆಯಲ್ಲಿ ಇಟ್ಟರೆ ಕೂಗುವುದಿಲ್ಲವೆಂದು ಯಾರೋ ಹೇಳಿದ್ದನ್ನು ಒಂದು ರಾತ್ರಿ ಮಾಡಿ ನೋಡಿದೆ. ನಮ್ಮ ಮೇ ತಿಂಗಳ ಸೆಕೆಯಲ್ಲಿ ಅದು ಸಾಯಿಸುವ ಕೆಲಸ. ಬಿಟ್ಟುಬಿಟ್ಟೆ.

ಎಡಗಡೆಯ ಮನೆಯ ಕಾಕಾ ನಿವೃತ್ತ ಶಿಕ್ಷಕರು. ಮೊಟ್ಟೆಯ ಹೆಸರನ್ನೂ ಎತ್ತದ ಮನೆ ಅವರದು, ಬೆಳಗಿನ ಐದಕ್ಕೆ ಇಷ್ಟಲಿಂಗ ಪೂಜೆಗೆ ಕೂರುವವರು. ಕೂಗಿಗಿಂತ ಮೊದಲು ಅವರ ಮನೆಯ ಶಾವಿಗೆ ಹೋಗಿತ್ತು. ಏಪ್ರಿಲ್‌ನ ಒಂದು ಬೆಳಿಗ್ಗೆ ಕಾಕು ಹಿತ್ತಲಲ್ಲಿ ಹೊರಸಿನ ಮೇಲೆ ಬಿಳಿಯ ಪಂಚೆ ಹಾಸಿ, ಹೊಸೆದ ಶಾವಿಗೆಯನ್ನು ಕೂದಲೆಳೆಯಂತೆ ಹರಡಿದ್ದರು. ನಾಲ್ಕು ಕೋಳಿ ಕಂಪೌಂಡ್ ಹಾರಿದವು. ನಾನು ಓಡಿ ಹೋಗುವಷ್ಟರಲ್ಲಿ ಒಂದು ಶಾವಿಗೆಯ ಎಳೆಯನ್ನು ಕೊಕ್ಕಿನಲ್ಲಿ ಕಚ್ಚಿ ಓಡುತ್ತಿತ್ತು, ಉಳಿದವು ಪಂಚೆಯ ನಡುವೆ ಕೆದರುತ್ತ ನಿಂತಿದ್ದವು, ಹಿಕ್ಕೆಯೂ ಬಿದ್ದಿತ್ತು. ಕಾಕು ಕೈಯಲ್ಲಿ ಕೋಲು ಹಿಡಿದಿದ್ದರೂ ಬೀಸಿರಲಿಲ್ಲ. ಇಡೀ ದಿನದ ಕೆಲಸವನ್ನು ಪಂಚೆಯ ಸಮೇತ ಮುದ್ದೆ ಮಾಡಿ ನನ್ನ ಕೈಗೆ ಕೊಟ್ಟು ಒಳಗೆ ಹೋದರು.

ಸಂಜೆ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಕಾಕಾ ಹೊಡೆದಂತೆ ಒಂದು ಮಾತು ಆಡಿದರು: "ನೋಡು ತಮ್ಮಾ, ನೀನು ಸಾಕುವುದಕ್ಕೆ ನನ್ನ ತಕರಾರಿಲ್ಲ. ತರುವ ಮೊದಲು ಒಂದು ಮಾತು ಹೇಳಬಾರದಿತ್ತೇ? ಇಪ್ಪತ್ತು ವರ್ಷದ ನೆರೆ ನಾವು." ನನಗೆ ಉತ್ತರ ತೋಚಲಿಲ್ಲ.

ಆ ವಾರವೇ ಗೋಡೆಯ ಮೇಲೆ ನಾಲ್ಕು ಅಡಿ ಎತ್ತರದ ತಂತಿ ಜಾಲರಿ ಹಾಕಿಸಿ, ಕೋಳಿಗಳ ಒಂದು ಬದಿಯ ರೆಕ್ಕೆಯ ಉದ್ದ ಗರಿಗಳನ್ನು ಕತ್ತರಿಸಿದೆ. ಒಂದೇ ಬದಿ ಕತ್ತರಿಸಬೇಕು, ಆಗ ಸಮತೋಲ ತಪ್ಪಿ ಹಾರಲಾಗುವುದಿಲ್ಲ. ನೋವೂ ಇಲ್ಲ, ಗರಿ ಮತ್ತೆ ಬರುತ್ತದೆ. ಮೇ ಕೊನೆಗೆ ಹುಂಜಗಳನ್ನು ಒಂದೊಂದಾಗಿ ಮಾರಿದೆ. ಹರಕೆಗೆಂದು ಒಂದೇ ಬಣ್ಣದ ಹುಂಜ ಕೇಳಿಕೊಂಡು ಬಂದವರು ಒಳ್ಳೆಯ ಬೆಲೆ ಕೊಟ್ಟರು, ಉಳಿದವು ಅಂಗಡಿಗೆ ಕಿಲೋ ಲೆಕ್ಕದಲ್ಲಿ ಹೋದವು. ಒಂದನ್ನೂ ಇಟ್ಟುಕೊಳ್ಳಲಿಲ್ಲ. ಹೇಂಟೆ ಮೊಟ್ಟೆ ಇಡಲು ಹುಂಜ ಬೇಕಿಲ್ಲ, ಮರಿಯಾಗುವ ಮೊಟ್ಟೆಗೆ ಮಾತ್ರ ಬೇಕು. ಗಿರಿರಾಜ ಹೇಂಟೆ ಕಾವಿಗೆ ಕೂರುವುದೂ ಅಪರೂಪ.

ವಾಸನೆ, ನೊಣಗಳ ತಕರಾರು ಹಿಂದಿನ ಮನೆಯವರದು. ಅರ್ಜಿಯೂ ಹೋಯಿತು, ಬಂದು ನೋಡಿದವರು ಸ್ವಚ್ಛವಾಗಿಡಿ ಎಂದು ಹೇಳಿ ಹೋದರು. ತಕರಾರು ಸುಳ್ಳಲ್ಲ. ನೀರಿನ ಬಟ್ಟಲು ಚೆಲ್ಲಿ ಹಾಸಿದ ಕಟ್ಟಿಗೆ ಹೊಟ್ಟು ಒದ್ದೆಯಾದರೆ ಎರಡು ದಿನದಲ್ಲಿ ಕಣ್ಣು ಉರಿಯುವ ವಾಸನೆ ಏಳುತ್ತದೆ, ನೊಣ ಅಲ್ಲೇ ಮೊಟ್ಟೆ ಇಡುತ್ತದೆ. ಬಟ್ಟಲನ್ನು ಇಟ್ಟಿಗೆಯ ಮೇಲೆ ಎತ್ತರಿಸಿ, ಹೊಟ್ಟನ್ನು ದಿನ ಬಿಟ್ಟು ದಿನ ಕೆದಕಿ, ವಾರಕ್ಕೊಮ್ಮೆ ಸುಣ್ಣದ ಪುಡಿ ಚಿಮುಕಿಸುತ್ತೇನೆ. ವಾಸನೆ ನಿಂತಿದೆ. ಹಿಂದಿನ ಮನೆಯವರು ಇನ್ನೂ ಮಾತನಾಡುವುದಿಲ್ಲ, ಅದು ಸರಿಹೋಗುವ ಲಕ್ಷಣವೂ ಕಾಣುತ್ತಿಲ್ಲ.

ಕೋಳಿ ಬೆವರುವುದಿಲ್ಲ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಬಾಯಿ ತೆರೆದು ಏದುಸಿರು ಬಿಡುತ್ತದೆ, ಮೇವು ಬಿಡುತ್ತದೆ. ಗೂಡಿನ ತಗಡಿನ ಮೇಲೆ ಒದ್ದೆ ಗೋಣಿ ಹಾಕಿ, ಜೋಳ, ಸಜ್ಜೆಯ ನುಚ್ಚನ್ನು ಬೆಳಗಿನ ತಂಪಿನಲ್ಲಿ ಮತ್ತು ಸೂರ್ಯ ಇಳಿದ ಮೇಲೆ ಮಾತ್ರ ಹಾಕುತ್ತೇವೆ.

ಉಳಿದ ಒಂಬತ್ತು ಹೇಂಟೆಗಳಲ್ಲಿ ಮೊದಲನೆಯದು ಜುಲೈ ಕೊನೆಗೆ ಮೊಟ್ಟೆ ಇಟ್ಟಿತು. ಎಲ್ಲವೂ ಇಡತೊಡಗುವ ಹೊತ್ತಿಗೆ ಶ್ರಾವಣ ಬಂತು. ಬೇಕೆಂದು ಮೊದಲೇ ಹೇಳಿಟ್ಟಿದ್ದ ಆರು ಮನೆಗಳಲ್ಲಿ ಐದು ಮನೆಯವರು ‘ಶ್ರಾವಣ ಮುಗಿಯಲಿ’ ಎಂದರು. ಒಂದು ತಿಂಗಳು ಮೊಟ್ಟೆ ಮನೆಯಲ್ಲೇ ಉಳಿದವು. ಹತ್ತಿರದ ಹಳ್ಳಿಯ ಪರಿಚಯದವರ ನಾಟಿ ಹುಂಜ, ಹೇಂಟೆಗಳಿದ್ದವು. ಅವರಿಂದ ಹತ್ತು ಮೊಟ್ಟೆ, ಕಾವಿಗೆ ಕೂತ ಒಂದು ಹೇಂಟೆಯನ್ನು ಕೇಳಿ ತಂದೆವು. ಇಪ್ಪತ್ತೊಂದನೆಯ ದಿನ ಎಂಟು ಮರಿ ಬಂದವು. ಬಲ್ಬಿಲ್ಲ, ಕೆಂಡವಿಲ್ಲ, ತಾಯಿಯ ರೆಕ್ಕೆಯೇ ಸಾಕಾಯಿತು. ಉಳಿದಂತೆ ಈಗ ಒಂದು ದಿನದ ಮರಿ ತರುವುದಿಲ್ಲ. ಆರೇಳು ವಾರ ಸಾಕಿದವನ್ನು, ಜುಟ್ಟು ನೋಡಿ, ಹೇಂಟೆಗಳನ್ನೇ ಆರಿಸಿ, ಹೆಚ್ಚು ಹಣ ಕೊಟ್ಟು ಕೈಯಲ್ಲಿ ಹಿಡಿದು ತರುತ್ತೇನೆ. ಮುಂಗಡ ಯಾರಿಗೂ ಕೊಡುವುದಿಲ್ಲ.

ಕೋಳಿಗೊಬ್ಬರ ಹಸಿಯಾಗಿ ಹಾಕಿದರೆ ಗಿಡದ ಬೇರು ಸುಡುತ್ತದೆ. ಮೂರು ತಿಂಗಳು ಒಣಗಿದ ಎಲೆಯೊಂದಿಗೆ ಕೊಳೆಸಿ, ಒಂದು ಚೀಲ ಕಾಕಾ ಅವರ ಮಲ್ಲಿಗೆ ಬಳ್ಳಿಗೆ ಕೊಟ್ಟೆ. ಅವರು ಬೇಡ ಎನ್ನಲಿಲ್ಲ. ಈ ವರ್ಷ ಶಾವಿಗೆಯ ದಿನ ಬಂದಾಗ ಕಾಕು ಹಿಂದಿನ ಸಂಜೆಯೇ ಗೋಡೆಯ ಮೇಲಿಂದ ಕರೆದು ಹೇಳಿದರು: "ನಾಳೆ ಹೊರಸು ಹಾಕುತ್ತೇವೆ, ನಿನ್ನ ಕೋಳಿ ಬಿಡಬೇಡ." ರಾತ್ರಿ ಎರಡು ಸಲ ಎದ್ದು ಗೂಡಿನ ಅಗುಳಿ ನೋಡಿ ಬಂದೆ.