ಎಂಟು ವರ್ಷ ತಪ್ಪಾಗಿ ನುಡಿಸಿದ ರಿಫ್

ಯಾವುದೇ ಗಿಟಾರ್ ಅಂಗಡಿಯಲ್ಲಿ ಹತ್ತು ನಿಮಿಷ ನಿಂತು ನೋಡಿ. ಯಾರೋ ಒಬ್ಬ ಹುಡುಗ ಗೋಡೆಯಿಂದ ಗಿಟಾರ್ ಇಳಿಸಿಕೊಂಡು ಡೀಪ್ ಪರ್ಪಲ್ ಅನ್ನುವ ರಾಕ್ ಬ್ಯಾಂಡಿನ ‘ಸ್ಮೋಕ್ ಆನ್ ದ ವಾಟರ್’ ಶುರು ಮಾಡುತ್ತಾನೆ. ಆಗ ಅಂಗಡಿಯವರ ಮುಖ ನೋಡಬೇಕು. ನಾನೂ ಆ ಹುಡುಗನೇ. ಗಿಟಾರ್ ಕೈಗೆ ಬಂದ ಎರಡನೇ ದಿನ ಈ ಹಾಡಿನ ರಿಫ್, ಅಂದರೆ ಮತ್ತೆ ಮತ್ತೆ ಬರುವ ಆ ಚಿಕ್ಕ ತುಣುಕು, ಕಲಿತೆ. ಆಮೇಲೆ ಎಂಟು ವರ್ಷ ತಪ್ಪಾಗಿಯೇ ನುಡಿಸಿದೆ.

ತಪ್ಪು ಅಂದರೆ ಸ್ವರ ತಪ್ಪಲ್ಲ. ದಪ್ಪ ತಂತಿಯ ಮೂರನೇ ಫ್ರೆಟ್‌ನಿಂದ (ಗಿಟಾರ್ ಕತ್ತಿನ ಮೇಲಿನ ಮನೆ) ಪವರ್ ಕಾರ್ಡ್, ಅಂದರೆ ಸ ಮತ್ತು ಪ ಜೋಡಿ, ಹಿಡಿದು, ಪಿಕ್ ಅನ್ನುವ ಚಿಕ್ಕ ಬಿಲ್ಲೆಯಿಂದ ಬಾರಿಸುತ್ತಿದ್ದೆ. ಬಹಳ ಜನ ಹೀಗೇ ಕಲಿಯುತ್ತಾರೆ. ಕಾಲೇಜು ಫೆಸ್ಟ್‌ನಲ್ಲೂ ಹಾಗೇ ಬಾರಿಸಿದೆ. ನಮ್ಮ ಬ್ಯಾಂಡಿನ ಐದೂ ಜನ ಒಂದೇ ಸಲ ಧಡ್ ಅಂತ ಶುರು ಮಾಡಿದೆವು, ಗಿಟಾರ್ ಸದ್ದನ್ನು ಒರಟು ಮಾಡುವ ಡಿಸ್ಟಾರ್ಷನ್ ಫುಲ್. ಸಭಾಂಗಣದ ತುಂಬ ಬರೀ ಗೊಂಯ್ ಅನ್ನುವ ಸದ್ದು. ತೀರ್ಪುಗಾರರಲ್ಲಿ ಹಿರಿಯರೊಬ್ಬರು ಕೆಳಗಿಳಿದ ಮೇಲೆ ಕರೆದು, “ಒರಿಜಿನಲ್ ಒಮ್ಮೆ ಸರಿಯಾಗಿ ಕೇಳಪ್ಪ” ಅಂದರು. ಅಷ್ಟೇ. ಬೈದಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ.

ಕೇಳಿದೆ. ಹೆಡ್‌ಫೋನ್ ಹಾಕಿಕೊಂಡು ಒಂದು ವಾರ ಕೇಳಿದೆ. ಡೀಪ್ ಪರ್ಪಲ್‌ನ ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ ಅಲ್ಲಿ ಮಾಡುವುದೇ ಬೇರೆ. ನಡುವಿನ ಎರಡು ತಂತಿ, ಡಿ ಮತ್ತು ಜಿ, ಅವೆರಡೇ. ಎರಡರಲ್ಲೂ ಒಂದೇ ಫ್ರೆಟ್ (ಸೊನ್ನೆ ಅಂದರೆ ಬೆರಳಿಂದ ಒತ್ತದ ತಂತಿ): ಸೊನ್ನೆ, ಮೂರು, ಐದು, ಸೊನ್ನೆ, ಮೂರು, ಆರು, ಐದು, ಸೊನ್ನೆ, ಮೂರು, ಐದು, ಮೂರು, ಸೊನ್ನೆ. ಪಿಕ್ ಇಲ್ಲ. ಎರಡು ಬೆರಳಿಂದ ಎರಡೂ ತಂತಿಯನ್ನು ಒಟ್ಟಿಗೆ ಕೀಳುವುದು. ಪಿಕ್‌ನಲ್ಲಿ ಒಂದು ತಂತಿ ಕೂದಲೆಳೆಯಷ್ಟು ಮುಂಚೆ ಮಿಡಿಯುತ್ತದೆ, ಬೆರಳಲ್ಲಿ ಎರಡೂ ಒಂದೇ ಸಲ. ಆ ಟಕ್ ಅನ್ನುವ ಶುರು ಬರುವುದು ಇದರಿಂದಲೇ.

ಮನೆಯಲ್ಲಿ ಅಭ್ಯಾಸ ಮಾಡುವಾಗ ಅತ್ತೆ ಒಳಗಿನಿಂದಲೇ ಕೂಗಿದರು. ಅವರು ಮಕ್ಕಳಿಗೆ ಸಂಗೀತ ಹೇಳಿಕೊಡುವವರು. “ಏನೋ ಅದು, ತಂಬೂರಿ ಮೀಟಿದ ಹಾಗೆ ಪ ಸ ಪ ಸ ಅಂತ?”

ನಾನು ನಿಂತುಬಿಟ್ಟೆ. ನಿಜ! ಜಿ ತಂತಿ ಷಡ್ಜ ಅಂದುಕೊಂಡರೆ ಡಿ ತಂತಿ ಮಂದ್ರ ಪಂಚಮ. ತಂಬೂರಿಯ ಮೊದಲ ಎರಡು ತಂತಿಯ ಅಂತರವೇ ಅದು. ಪವರ್ ಕಾರ್ಡ್‌ನಲ್ಲಿ ಸ ಕೆಳಗೆ, ಪ ಮೇಲೆ. ಇಲ್ಲಿ ತಿರುವು ಮುರುವು. ರಾಗವೇ ಮೇಲಿನ ತಂತಿಯಲ್ಲಿ ಇರುವುದರಿಂದ ಅದು ಎದ್ದು ಕೇಳುತ್ತದೆ. ಪೂರ್ತಿ ನುಡಿಸಿ ತೋರಿಸಿದೆ. ಅತ್ತೆ ಬೆರಳು ಮಡಚಿಕೊಂಡು ಸಾಧಾರಣ ಗಾಂಧಾರ, ಶುದ್ಧ ಮಧ್ಯಮ ಅಂತ ಎಣಿಸಿದರು. ಪ್ರತಿ ಮಧ್ಯಮ ಬಂದಾಗ ನಕ್ಕರು. “ಎರಡೂ ಮಧ್ಯಮ ಪಕ್ಕಪಕ್ಕ ಇಟ್ಟಿದಾನಲ್ಲೋ, ಕಿಲಾಡಿ!”

ಆಮೇಲೆ ಹಾಡಿನ ಕಥೆಗೆ ಬಿದ್ದೆ. ಸಾಹಿತ್ಯ ಓದಿದರೆ ಒಗಟಿನ ಹಾಗಿದೆ, ಆದರೆ ಅದು ಸುಮ್ನೆ ಡೈರಿ. 1971ರ ಡಿಸೆಂಬರ್‌ನಲ್ಲಿ ಡೀಪ್ ಪರ್ಪಲ್‌ನವರು ಆಲ್ಬಮ್ ಮಾಡಲು ಸ್ವಿಟ್ಜರ್ಲೆಂಡ್‌ನ ಮಾಂಟ್ರೋಗೆ ಹೋಗಿದ್ದರು. ರೋಲಿಂಗ್ ಸ್ಟೋನ್ಸ್ ಬ್ಯಾಂಡಿನವರ, ಲಾರಿಯೊಳಗೇ ಇದ್ದ ಸ್ಟುಡಿಯೋ ಬಾಡಿಗೆಗೆ ತಂದಿದ್ದರು. ಜಾಗ, ಅಲ್ಲಿನ ಕ್ಯಾಸಿನೊ. 4ನೇ ತಾರೀಖು ಅಲ್ಲಿ ಅಮೆರಿಕದ ರಾಕ್ ಸಂಗೀತಗಾರ ಫ್ರಾಂಕ್ ಜಪ್ಪಾ ಕಛೇರಿ. ಕೇಳಲು ಬಂದವರಲ್ಲಿ ಯಾರೋ ಫ್ಲೇರ್ ಗನ್ (ಉರಿಯುವ ಸಂಕೇತ ಹಾರಿಸುವ ಪಿಸ್ತೂಲು) ಹಾರಿಸಿದ, ಚಾವಣಿಗೆ ಬೆಂಕಿ ಹತ್ತಿತು, ಕ್ಯಾಸಿನೊ ಪೂರ್ತಿ ಸುಟ್ಟಿತು. ಯಾರೂ ಸಾಯಲಿಲ್ಲ. ಮಾಂಟ್ರೋ ಜಾಝ್ ಉತ್ಸವದ ಕ್ಲಾಡ್ ನಾಬ್ಸ್ ಒಳಗೆ ಹೊರಗೆ ಓಡಾಡಿ ಮಕ್ಕಳನ್ನು ಹೊರಗೆ ತಂದ. ಹಾಡಿನಲ್ಲಿ ಬರುವ ಕ್ಲಾಡ್ ಆತನೇ. ಹೊಗೆ ಜಿನೀವಾ ಸರೋವರದ ಮೇಲೆ ಹರಡಿತು. ಕೆಲವು ದಿನ ಕಳೆದು ಬೇಸ್ ನುಡಿಸುವ ರೋಜರ್ ಗ್ಲೋವರ್ ನಿದ್ದೆಯಿಂದ ಎದ್ದಾಗ ಬಾಯಿಗೆ ಬಂದ ಮಾತೇ ಹಾಡಿನ ಹೆಸರಾಯಿತು. ಹಾಡುಗಾರ ಇಯಾನ್ ಗಿಲನ್‌ಗೆ ಮೊದಲು ಅದು ಮಾದಕ ವಸ್ತುವಿನ ಹಾಡಿನ ಹಾಗೆ ಕೇಳಿಸಿತಂತೆ.

ನನಗೆ ಜಾಸ್ತಿ ಇಷ್ಟವಾದದ್ದು ರೆಕಾರ್ಡಿಂಗ್ ಕಥೆ. ಕ್ಯಾಸಿನೊ ಹೋದ ಮೇಲೆ ಪೆವಿಲಿಯನ್ ಅನ್ನುವ ಥಿಯೇಟರ್ ಸಿಕ್ಕಿತು. ರಾತ್ರಿ ಹೊತ್ತು ಈ ರಿಫ್‌ನ ಟ್ರ್ಯಾಕ್ ನುಡಿಸುತ್ತಿದ್ದರು, ಆಗಿನ್ನೂ ಸಾಹಿತ್ಯ ಇಲ್ಲ. ಗಲಾಟೆ ತಡೆಯಲಾರದೆ ಊರಿನವರು ದೂರು ಕೊಟ್ಟರು, ಪೊಲೀಸರು ಬಂದು ಬಾಗಿಲು ಬಡಿದರು. ಟೇಕ್ ಮುಗಿಯುವವರೆಗೆ ತಂಡದ ಕೆಲಸದವರು ಒಳಗಿನಿಂದ ಬಾಗಿಲು ಒತ್ತಿ ಹಿಡಿದುಕೊಂಡಿದ್ದರಂತೆ. ಅಲ್ಲಿಂದ ಓಡಿಸಿದ ಮೇಲೆ ಉಳಿದ ಆಲ್ಬಮ್ ಮುಗಿದದ್ದು ಗ್ರ್ಯಾಂಡ್ ಹೋಟೆಲ್‌ನಲ್ಲಿ. ಚಳಿಗಾಲಕ್ಕೆ ಮುಚ್ಚಿದ್ದ ಖಾಲಿ ಹೋಟೆಲ್, ಸದ್ದು ತಡೆಯಲು ಹಾಸಿಗೆ ಅಡ್ಡ ಇಟ್ಟುಕೊಂಡು. ಕೊನೆಗೆ ಆಲ್ಬಮ್‌ಗೆ ಕೆಲವು ನಿಮಿಷ ಕಡಿಮೆ ಬಿತ್ತು, ಮೂಲೆಯಲ್ಲಿದ್ದ ಈ ಟ್ರ್ಯಾಕ್ ಹೊರತೆಗೆದು ಅದಕ್ಕೆ ಬೆಂಕಿಯ ಕಥೆ ಬರೆದರು. 1972ರ ಆ ಆಲ್ಬಮ್ ‘ಮಷೀನ್ ಹೆಡ್’ನಿಂದ ಮೊದಲ ಸಿಂಗಲ್ (ಬೇರೆಯಾಗಿ ಮಾರುವ ಹಾಡು) ಅಂತ ಬಿಟ್ಟದ್ದು ಬೇರೆ ಹಾಡನ್ನು. ಇದು ಸಿಂಗಲ್ ಆದದ್ದು 1973ರಲ್ಲಿ, ಅಮೆರಿಕದ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಏರಿತು.

ಇಷ್ಟು ತಿಳಿದ ಮೇಲೆ ಬ್ಯಾಂಡ್ ಹುಡುಗರನ್ನು ಮತ್ತೆ ಕೂರಿಸಿದೆ. ಈ ಸಲ ಒಬ್ಬೊಬ್ಬರಾಗಿ. ಮೊದಲು ಗಿಟಾರ್ ಮಾತ್ರ. ಆಮೇಲೆ ಡ್ರಮ್ಸ್‌ನ ಜೋಡಿ ತಾಳವಾದ ಹೈ-ಹ್ಯಾಟ್, ಆರ್ಗನ್, ಉಳಿದ ಡ್ರಮ್ಸ್, ಬೇಸ್. ಡ್ರಮ್ಮರ್‌ಗೆ ಕಾಯುವುದು ಅಂದರೆ ಶಿಕ್ಷೆ. ಎರಡು ಸಲ ಮುಂಚೆಯೇ ನುಗ್ಗಿದ. ಕೀಬೋರ್ಡ್ ಹುಡುಗ ಚರ್ಚ್ ಆರ್ಗನ್ ಥರ ಮೆತ್ತಗಿನ ಟೋನ್ ಇಟ್ಟಿದ್ದ. ಡೀಪ್ ಪರ್ಪಲ್‌ನ ಕೀಬೋರ್ಡ್ ವಾದಕ ಜಾನ್ ಲಾರ್ಡ್ ತನ್ನ ಹ್ಯಾಮಂಡ್ ಆರ್ಗನ್ನನ್ನು ಗಿಟಾರ್‌ನ ಮಾರ್ಷಲ್ ಆಂಪ್‌ಗೆ (ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಸಿಕ್ಕಿಸುತ್ತಿದ್ದ ಅಂತ ಹೇಳಿ, ಅವನ ಕೀಬೋರ್ಡ್ ವೈರನ್ನೂ ನನ್ನ ಹಳೇ ಆಂಪ್‌ಗೆ ಚುಚ್ಚಿದೆ. ಗರಗರ ಅಂತ ಬಂತು. ಅದೇ ಬೇಕಾಗಿತ್ತು. ನನ್ನ ಡಿಸ್ಟಾರ್ಷನ್ ಅರ್ಧಕ್ಕಿಂತ ಕೆಳಗಿಳಿಸಿದೆ.

ಮೂರನೇ ಸಲ ಎಲ್ಲ ಸರಿಯಾಗಿ ಕೂತಿತು. ಬೇಸ್ ಒಳಗೆ ಬಂದ ಕ್ಷಣ ಮೈ ಜುಂ ಅಂದಿತು. ಅಷ್ಟರಲ್ಲಿ ಪಕ್ಕದ ಮನೆಯವರು ಗೇಟು ಬಡಿದರು. ನಮ್ಮಲ್ಲಿ ಬಾಗಿಲು ಒತ್ತಿ ಹಿಡಿಯುವವರು ಯಾರೂ ಇರಲಿಲ್ಲ. ಆಂಪ್ ಆಫ್ ಮಾಡಿ, “ಸಾರಿ ಅಂಕಲ್, ಆಯ್ತು ಅಂಕಲ್” ಅಂದೆ.