ಸ್ಕ್ರಿಪ್ಟ್‌ನಲ್ಲಿ ಪಾಸ್‌ವರ್ಡ್ ಇಲ್ಲದೆ ರಾತ್ರಿ ಬ್ಯಾಕಪ್: ನನ್ನ ಅನುಭವ

ಪಾಸ್‌ವರ್ಡ್ ಸ್ಕ್ರಿಪ್ಟ್‌ನಿಂದ ತೆಗೆದರೆ ಕ್ರಾನ್ (ಹೇಳಿದ ಹೊತ್ತಿಗೆ ತಾನಾಗಿ ಕೆಲಸ ಓಡಿಸುವ ಲಿನಕ್ಸ್ ಸವಲತ್ತು) ಓಡೋದೇ ಇಲ್ಲ ಎನ್ನುತ್ತಿದ್ದವರು ಈಗ ನನ್ನ ಫೈಲ್ ಕೇಳುತ್ತಿದ್ದಾರೆ. ಹುಬ್ಬಳ್ಳಿ ಅಮರಗೋಳ ಎಪಿಎಂಸಿಯ ದಲಾಲಿ ಅಂಗಡಿಗಳು, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳು ಸೇರಿ ನಾನು ನೋಡಿಕೊಳ್ಳೋದು ಹೆಚ್ಚುಕಡಿಮೆ ಇಪ್ಪತ್ತು ಸರ್ವರ್. ಒಂದರ ಸ್ಕ್ರಿಪ್ಟ್‌ನಲ್ಲೂ ಈಗ ಪಾಸ್‌ವರ್ಡ್ ಇಲ್ಲ.

ಪೋಸ್ಟ್‌ಗ್ರೆ ಡೇಟಾಬೇಸ್‌ಗೆ ಹೋಮ್ ಫೋಲ್ಡರ್‌ನಲ್ಲಿ ಡಾಟ್ ಪಿಜಿಪಾಸ್ (.pgpass) ಫೈಲ್ ಸಾಕು. ಹೋಸ್ಟ್, ಪೋರ್ಟ್, ಡೇಟಾಬೇಸ್, ಯೂಸರ್, ಪಾಸ್‌ವರ್ಡ್, ನಡುವೆ ಕೋಲನ್. ಪರ್ಮಿಷನ್ 600, ಅಂದರೆ ಫೈಲ್‌ನ ಒಡೆಯ ಮಾತ್ರ ಓದಬಲ್ಲ. ಎಲ್ಲರೂ ಓದಬಲ್ಲ 644 ಇದ್ದರೆ ಇಡೀ ಫೈಲನ್ನೇ ಕಡೆಗಣಿಸಿ ಒಂದು ಸಾಲು ಎಚ್ಚರಿಕೆ ಕೊಡುತ್ತದೆ. ಕ್ರಾನ್‌ನಲ್ಲಿ ಅದನ್ನು ಓದುವವರಾರು? ಫೈಲ್‌ನಲ್ಲಿ ಲೋಕಲ್‌ಹೋಸ್ಟ್ ಎಂದು ಬರೆದು ಸ್ಕ್ರಿಪ್ಟ್‌ನಲ್ಲಿ 127.0.0.1 ಕೊಟ್ಟರೂ ಹೊಂದೋದಿಲ್ಲ. ಪಾಸ್‌ವರ್ಡ್‌ನೊಳಗೆ ಕೋಲನ್ ಇದ್ದರೆ ಹಿಂದೆ ಬ್ಯಾಕ್‌ಸ್ಲ್ಯಾಶ್ ಬೇಕು. ಮೊದಲು ಹೊಂದಿದ ಸಾಲೇ ಅಂತಿಮ, ಹಾಗಾಗಿ ಎಲ್ಲಕ್ಕೂ ಹೊಂದುವ ನಕ್ಷತ್ರದ (*) ಸಾಲು ಕೊನೆಗಿರಲಿ. ಕೆಲಸವನ್ನು ರೂಟ್ (ಸರ್ವರ್‌ನ ಮುಖ್ಯ ಯೂಸರ್) ಕ್ರಾನ್‌ಟ್ಯಾಬ್‌ಗೆ, ಅಂದರೆ ಅವನ ಕ್ರಾನ್ ಪಟ್ಟಿಗೆ ಹಾಕಿದರೆ ಈ ಫೈಲ್ ಹುಡುಕೋದು ರೂಟ್‌ನ ಹೋಮ್‌ನಲ್ಲಿ. ಹೆಚ್ಚಿನವರು ಎಡವೋದು ಇಲ್ಲೇ.

ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗೆ ಪಾಸ್‌ವರ್ಡ್ ಇರುವ ಫೈಲನ್ನು ತೋರಿಸುವ ಆಪ್ಷನ್ ಡಿಫಾಲ್ಟ್ಸ್-ಎಕ್ಸ್‌ಟ್ರಾ-ಫೈಲ್. ಕಮಾಂಡ್‌ನಲ್ಲಿ ಇದು ಮೊದಲ ಆಪ್ಷನ್ ಆಗಿರಲೇಬೇಕು, ಎರಡನೆಯದಾದರೆ ಎರರ್. ಪಾಸ್‌ವರ್ಡ್‌ನಲ್ಲಿ ಹ್ಯಾಶ್ ಇದ್ದರೆ ಕೋಟ್ ಹಾಕಿ, ಇಲ್ಲದಿದ್ದರೆ ಅಲ್ಲಿಂದಾಚೆ ಕಾಮೆಂಟ್. ಇಲ್ಲಿ 644 ಇದ್ದರೂ ಚಕಾರವಿಲ್ಲ, ನಾವೇ ನೋಡಿಕೊಳ್ಳಬೇಕು. ಮೈಎಸ್‌ಕ್ಯೂಎಲ್ ಕಾನ್ಫಿಗ್ ಎಡಿಟರ್ ಮಾಡುವ ಲಾಗಿನ್ ಫೈಲ್ ನೋಡಲು ಎನ್‌ಕ್ರಿಪ್ಟ್ ಆದಂತಿರುತ್ತದೆ. ಮೈ ಪ್ರಿಂಟ್ ಡಿಫಾಲ್ಟ್ಸ್ (my_print_defaults) ಕಮಾಂಡ್‌ಗೆ ಹೈಫನ್ ಎಸ್ (-s) ಕೊಟ್ಟು ನೋಡಿ, ಪಾಸ್‌ವರ್ಡ್ ನಿಚ್ಚಳವಾಗಿ ಬರುತ್ತದೆ.

ಪಾಸ್‌ವರ್ಡನ್ನು ಎನ್ವಿರಾನ್ಮೆಂಟ್ ವೇರಿಯಬಲ್ ಆಗಿ ಕೊಡೋದನ್ನೂ ಪರೀಕ್ಷಿಸಿ ಕೈಬಿಟ್ಟೆ. ಅದೇ ಯೂಸರ್‌ನ ಯಾವ ಪ್ರೋಸೆಸ್ಸೂ ಅದನ್ನು ಪ್ರೋಕ್ (/proc) ಫೋಲ್ಡರ್‌ನಲ್ಲಿ ಓದಬಹುದು, ಡೀಬಗ್ ಲಾಗ್‌ಗೂ ಇಳಿಯುತ್ತದೆ. ಪಾಸ್‌ವರ್ಡ್‌ಗಳನ್ನು ನೆಟ್‌ನಲ್ಲಿ ಕಾಪಿಡುವ ಅಮೆಜಾನ್ ಸೀಕ್ರೆಟ್ಸ್ ಮ್ಯಾನೇಜರ್ ಒಂದು ಸೀಕ್ರೆಟ್‌ಗೆ ತಿಂಗಳಿಗೆ 0.40 ಡಾಲರ್, ಇಪ್ಪತ್ತಕ್ಕೆ ಸುಮಾರು ಏಳುನೂರು ರೂಪಾಯಿ. ರೊಕ್ಕ ದೊಡ್ಡದಲ್ಲ, ಆದರೆ ರಾತ್ರಿ ನೆಟ್ ಹೋದರೆ ಬ್ಯಾಕಪ್ಪೂ ಹೋಯಿತು, ಅಂಗಡಿಯ ಮಷೀನ್‌ನಲ್ಲಿ ಆ ಸೀಕ್ರೆಟ್ ತೆರೆಯುವ ಕೀಲಿಯನ್ನು ಹೇಗೂ ಇಡಲೇಬೇಕು. ಹೊಸ ಸರ್ವರ್‌ಗಳಲ್ಲಿ ಸಿಸ್ಟಮ್‌ಡಿಯ (ಲಿನಕ್ಸ್‌ನಲ್ಲಿ ಸರ್ವೀಸ್‌ಗಳನ್ನು ಓಡಿಸುವ ವ್ಯವಸ್ಥೆ) ಲೋಡ್‌ಕ್ರೆಡೆನ್ಶಿಯಲ್ ಸೆಟ್ಟಿಂಗ್‌ನಿಂದ ಪಾಸ್‌ವರ್ಡ್ ಕೊಡುತ್ತಿದ್ದೇನೆ, 247ನೇ ಆವೃತ್ತಿಯಿಂದ ಇದೆ, ಚೆನ್ನಾಗಿದೆ.

ಒಂದು ರಾತ್ರಿಯ ಬ್ಯಾಕಪ್ಪೂ ತಪ್ಪದಂತೆ ಪಾಸ್‌ವರ್ಡ್ ಬದಲಿಸುವ ಕ್ರಮವನ್ನು ಮಾತ್ರ ಇಲ್ಲಿ ಬರೆಯೋದಿಲ್ಲ, ಅದು ನನ್ನ ಅನ್ನ.

ಗಿಟ್‌ನಲ್ಲಿ (ಕೋಡ್‌ನ ಹಳೆಯ ಆವೃತ್ತಿಗಳನ್ನು ಇಡುವ ಸಾಧನ) ಪಾಸ್‌ವರ್ಡ್ ಇರುವ ಹಳೆಯ ಕಮಿಟ್‌ಗಳಿದ್ದರೆ ಮೊದಲು ಪಾಸ್‌ವರ್ಡ್ ಬದಲಿಸಿ, ಆಮೇಲೆ ಹಿಸ್ಟರಿ ತೊಳೆಯಿರಿ. ಬ್ಯಾಕಪ್‌ಗೆ ಬೇರೆ ಯೂಸರ್ ಮಾಡಿ ಓದುವ ಹಕ್ಕಷ್ಟೇ ಕೊಡಿ. ಮೈಎಸ್‌ಕ್ಯೂಎಲ್ 8.0.21ರಿಂದ ಆ ಯೂಸರ್‌ಗೆ ಪ್ರೋಸೆಸ್ (PROCESS) ಹಕ್ಕು ಇಲ್ಲದಿದ್ದರೆ ಬ್ಯಾಕಪ್ ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್ ಕಮಾಂಡ್ ತಕರಾರು ಮಾಡುತ್ತದೆ. ಅದಕ್ಕೆ ನೋ-ಟೇಬಲ್‌ಸ್ಪೇಸಸ್ ಆಪ್ಷನ್ ಸೇರಿಸಿದರೆ ಸರಿಹೋಗುತ್ತದೆ.