ಗಾಳಿ ಎದ್ದಾಗ ಬೀಳುತ್ತಿದ್ದ ಕರ್ನಲ್

2022ರ ಆಷಾಢದಲ್ಲಿ ನಮ್ಮ ಒಂದು ವರ್ಚುವಲ್ ಯಂತ್ರ, ಅಂದರೆ ಸರ್ವರ್‌ನೊಳಗೆ ತಂತ್ರಾಂಶದಲ್ಲಿ ಕಟ್ಟಿದ ಕಂಪ್ಯೂಟರ್, ಗಾಳಿ ನೋಡಿಕೊಂಡು ಬೀಳಲು ಶುರುಮಾಡಿತು. ನಮ್ಮ ಕಚೇರಿ ಇರುವುದು ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ. ಗಾಳಿ ಬೀಸುವುದು ಸುಮಾರು ಅರವತ್ತು ಕಿಲೋಮೀಟರ್ ಆಚೆ, ಚಿತ್ರದುರ್ಗದ ಗುಡ್ಡಗಳ ಮೇಲೆ. ಅಲ್ಲಿನ ಗಾಳಿ ವಿದ್ಯುತ್ ಯಂತ್ರಗಳು ಗಾಳಿಯ ವೇಗ, ರೆಕ್ಕೆಯ ಕೋನ, ಉತ್ಪಾದನೆ, ಎಚ್ಚರಿಕೆ ಇವನ್ನೆಲ್ಲ ಯುಡಿಪಿ ಎಂಬ ಜಾಲ ನಿಯಮದ ಪ್ಯಾಕೆಟ್‌ಗಳಲ್ಲಿ ತುಂಬಿ ನಮ್ಮ ಸರ್ವರ್‌ಗೆ ಕಳುಹಿಸುತ್ತವೆ. ಗಾಳಿ ತಣ್ಣಗಿರುವ ದಿನ ಪ್ಯಾಕೆಟ್ ಸಣ್ಣದು. ಮುಂಗಾರಿನ ಗಾಳಿ ಎದ್ದರೆ ಎಚ್ಚರಿಕೆಗಳ ಪಟ್ಟಿ ಉದ್ದವಾಗಿ ಒಂದೊಂದು ಪ್ಯಾಕೆಟ್ ತುಂಬಿ ತುಳುಕುತ್ತದೆ. ಈ ಮಾತನ್ನು ಮೊದಲೇ ಹೇಳುತ್ತಿದ್ದೇನೆ, ಆದರೆ ಆಗ ನಮಗೆ ಹೊಳೆದಿರಲಿಲ್ಲ. ಹೊಳೆದದ್ದು ಅಲ್ಲಿನ ನಿಯಂತ್ರಣ ಕೊಠಡಿಯ ಹುಡುಗನಿಗೆ. ‘ಸರ್, ಪರದೆ ಮತ್ತೆ ನಿಂತಿದೆ. ಇಲ್ಲಿ ಗಾಳಿ ವಿಪರೀತ’ ಎಂದು ಅವನು ಫೋನಿನಲ್ಲಿ ಹೇಳುತ್ತಿದ್ದ. ಗಾಳಿಗೆ ಮೊಬೈಲ್ ಗೋಪುರ ಅಲುಗಾಡಿ ಸಂಪರ್ಕ ಕಡಿದಿರಬೇಕು ಎಂದು ನಮ್ಮವರು ಅರ್ಥ ಮಾಡಿಕೊಂಡರು.

ಯುಪಿಎಸ್, ಸೆಕೆ, ಕೆಟ್ಟ ರ‍್ಯಾಮ್ ಎಂದು ಎಂದಿನ ಅನುಮಾನಗಳೆಲ್ಲ ಬಂದು ಹೋದವು. ಅದೇ ಸರ್ವರ್ (ಹೋಸ್ಟ್) ಮೇಲೆ ಲಿನಕ್ಸ್‌ನ ಕೆವಿಎಂ ವ್ಯವಸ್ಥೆಯಲ್ಲಿ ಓಡುತ್ತಿದ್ದ ಉಳಿದ ಗೆಸ್ಟ್‌ಗಳಿಗೆ, ಅಂದರೆ ವರ್ಚುವಲ್ ಯಂತ್ರಗಳಿಗೆ, ಏನೂ ಆಗುತ್ತಿರಲಿಲ್ಲ. ಹಾಗಾಗಿ ಹಾರ್ಡ್‌ವೇರ್ ಮೇಲಿನ ಅನುಮಾನವನ್ನು ನಾನು ಬೇಗ ಕೈಬಿಟ್ಟೆ.

ಮೊದಲು ಬೇಕಾದದ್ದು ಸಾಕ್ಷಿ. ಕರ್ನಲ್, ಅಂದರೆ ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್‌ನ ತಿರುಳು, ಸತ್ತಾಗ ಪರದೆಯ ಮೇಲೆ ಉಳಿಯುವುದು ಕೊನೆಯ ಕೆಲವು ಸಾಲು ಮಾತ್ರ, ಅವು ಸಾಮಾನ್ಯವಾಗಿ ಕೆಲಸಕ್ಕೆ ಬಾರದವು. ಬೇಕಾದ ಮೊದಲ ಸಾಲುಗಳು ಮೇಲೆ ಸರಿದು ಹೋಗಿರುತ್ತವೆ. ಅದಕ್ಕೆ ಗೆಸ್ಟ್‌ನ ಕರ್ನಲ್ ಸಂದೇಶಗಳನ್ನು ಸೀರಿಯಲ್ ಕನ್ಸೋಲ್‌ಗೆ ತಿರುಗಿಸಿ, ಆ ಸೀರಿಯಲ್ ಪೋರ್ಟ್ ಹೋಸ್ಟ್‌ನ ಒಂದು ಕಡತಕ್ಕೆ ಬರೆಯುವಂತೆ ವರ್ಚುವಲ್ ಯಂತ್ರಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನಲ್ಲಿ ಹೊಂದಿಸಿದೆ. ಸತ್ತಾಗಿನ ಮೆಮೊರಿಯ ಪ್ರತಿಯನ್ನು (ಡಂಪ್) ಉಳಿಸುವ ಕೆಡಂಪ್ ಹಾಕಲಿಲ್ಲ. ಅದಕ್ಕೆ ಗೆಸ್ಟ್‌ನಲ್ಲೇ ಮೆಮೊರಿ ಮೀಸಲಿಡಬೇಕು, ಸತ್ತ ಕರ್ನಲ್ ಇನ್ನೊಂದು ಕರ್ನಲ್ ಅನ್ನು ಎಬ್ಬಿಸಬೇಕು. ವರ್ಚುವಲ್ ಯಂತ್ರಕ್ಕೆ ಇದಕ್ಕಿಂತ ಸರಳವಾದ ದಾರಿ ಇದೆ. ಪಿವಿಪ್ಯಾನಿಕ್ ಎಂಬ ಸಣ್ಣ ಸಾಧನವನ್ನು ಗೆಸ್ಟ್‌ಗೆ ಸೇರಿಸಿದರೆ ಪ್ಯಾನಿಕ್ ಆದ (ಕರ್ನಲ್ ಕೈಚೆಲ್ಲಿ ನಿಂತ) ಕೂಡಲೇ ಅದು ಹೋಸ್ಟ್‌ಗೆ ತಿಳಿಸುತ್ತದೆ. ಹೋಸ್ಟ್ ಗೆಸ್ಟ್‌ನ ಇಡೀ ಮೆಮೊರಿಯನ್ನು ಡಿಸ್ಕ್‌ಗೆ ಇಳಿಸಿಕೊಂಡು ಅದನ್ನು ಮತ್ತೆ ಚಾಲೂ ಮಾಡುತ್ತದೆ. ಊಪ್ಸ್, ಅಂದರೆ ಕರ್ನಲ್‌ನ ದೋಷವರದಿ, ಬಂದೊಡನೆ ಪ್ಯಾನಿಕ್ ಆಗುವಂತೆ ಕರ್ನಲ್ ಹೊಂದಾಣಿಕೆಯ ಸಿಸ್‌ಸಿಟಿಎಲ್‌ನಲ್ಲಿ ಹೇಳುವುದನ್ನು ಮರೆಯಬಾರದು, ಇಲ್ಲವಾದರೆ ಕರ್ನಲ್ ಅರೆಜೀವದಲ್ಲಿ ಕುಂಟುತ್ತ ಸಾಕ್ಷಿಯನ್ನು ತಾನೇ ಅಳಿಸುತ್ತದೆ. ಕರ್ನಲ್‌ಗೆ ನೇರ ಆಜ್ಞೆ ಕೊಡುವ ಸಿಸ್‌ಆರ್‌ಕ್ಯೂ ಮೂಲಕ ಬೇಕೆಂದೇ ಒಮ್ಮೆ ಕೆಡವಿ, ಡಂಪ್ ಬರುತ್ತದೆ, ಅದು ‘ಕ್ರ್ಯಾಶ್’ ಸಾಧನದಲ್ಲಿ ತೆರೆಯುತ್ತದೆ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಗಾಳಿಗೆ ಕಾದೆ. ಅದೇ ಬಿಲ್ಡ್‌ನ ಡೀಬಗ್ ಮಾಹಿತಿಯುಳ್ಳ ಕರ್ನಲ್ ಕಡತ ಕೈಯಲ್ಲಿಲ್ಲದಿದ್ದರೆ ಎಷ್ಟು ಗಿಗಾಬೈಟ್ ಡಂಪ್ ಇದ್ದರೂ ಅದು ಬರೀ ಕಸ.

ಡಂಪ್‌ಗಳು ಬಂದವು, ಆದರೆ ಒಂದಕ್ಕೊಂದು ತಾಳೆಯಾಗಲಿಲ್ಲ. ಒಂದು ಸಲ ಕಡತದ ಹೆಸರು ಹುಡುಕುವ ಡೆಂಟ್ರಿ ಕೋಡ್‌ನಲ್ಲಿ ಬಿದ್ದಿತ್ತು. ಇನ್ನೊಂದು ಸಲ ಮೆಮೊರಿ ಹಂಚುವ ಸ್ಲಬ್‌ನಲ್ಲಿ. ಮತ್ತೊಂದು ಸಲ ವರ್ಚುವಲ್ ನೆಟ್‌ವರ್ಕ್ ಕಾರ್ಡಿನ ವರ್ಟಿಯೋ-ನೆಟ್ ಡ್ರೈವರ್ ಪ್ಯಾಕೆಟ್ ಸ್ವೀಕರಿಸುವ ದಾರಿಯಲ್ಲೇ. ಅದನ್ನು ಕಂಡದ್ದೇ ತಡ, ಎಲ್ಲರೂ ವರ್ಟಿಯೋವನ್ನು ಹಿಡಿದುಕೊಂಡರು. ಅವರ ಮಾತಿಗೆ ಬಲ ಕೊಡುವಂತೆ, ನೆಟ್‌ವರ್ಕ್ ಕಾರ್ಡನ್ನು ವರ್ಟಿಯೋದಿಂದ ಇ1000 ಎಂಬ ಇಂಟೆಲ್ ಕಾರ್ಡಿನ ಅನುಕರಣೆಗೆ ಬದಲಿಸಿದಾಗ ಬೀಳುವುದು ನಿಂತೇ ಹೋಯಿತು. ‘ಇನ್ನೇನು, ಸಿಕ್ಕಿತಲ್ಲ’ ಎಂದರು ನಮ್ಮ ವ್ಯವಸ್ಥಾಪಕರು. ಗ್ರಾಹಕರ ಕೆಲಸ ನಿಲ್ಲಬಾರದು ಎಂದು ಅವರ ಗೆಸ್ಟನ್ನು ಇ1000 ಮೇಲೆಯೇ ಬಿಟ್ಟೆ. ಒಪ್ಪಲು ಮಾತ್ರ ಮನಸ್ಸಾಗಲಿಲ್ಲ. ವರ್ಟಿಯೋ-ನೆಟ್ 2008ರ ಜನವರಿಯಲ್ಲಿ ಬಂದ 2.6.24 ಕರ್ನಲ್‌ನಿಂದಲೂ ಇದೆ. ಜಗತ್ತಿನ ಲೆಕ್ಕವಿಲ್ಲದಷ್ಟು ಯಂತ್ರಗಳು ಅದರ ಮೇಲೆ ಓಡುತ್ತಿವೆ. ಅದು ಕೆಡುವುದಾದರೆ ನಮ್ಮ ಒಂದೇ ಗೆಸ್ಟ್‌ನಲ್ಲಿ, ಅದೂ ಗಾಳಿ ಬಂದಾಗ ಮಾತ್ರ ಕೆಡುವುದೇಕೆ? ಮೇಲಾಗಿ ಬೇರೆಬೇರೆ ಜಾಗದಲ್ಲಿ ಬೀಳುವುದು ಬೇರೆ ಯಾರೋ ಮೆಮೊರಿ ಕೆಡಿಸುತ್ತಿರುವುದರ ಲಕ್ಷಣ. ಕಲ್ಲೆಸೆಯುವವನು ಒಂದು ಬೀದಿಯಲ್ಲಿ, ಗಾಜು ಒಡೆಯುವುದು ಇನ್ನೊಂದರಲ್ಲಿ. ಗಾಜಿನ ಮನೆಯವನನ್ನು ಎಷ್ಟು ವಿಚಾರಿಸಿದರೂ ಏನೂ ಸಿಗುವುದಿಲ್ಲ.

ಹಾಗಾಗಿ ಎಲ್ಲಿ ಬಿತ್ತು ಎನ್ನುವುದನ್ನು ಬಿಟ್ಟು, ಕೆಟ್ಟ ಜಾಗದಲ್ಲಿ ಏನು ಬರೆದಿದೆ ಎಂದು ನೋಡತೊಡಗಿದೆ. ಡೆಂಟ್ರಿಯ ಡಂಪ್‌ನಲ್ಲಿ ಸಿಕ್ಕಿದ್ದು ಜನರಲ್ ಪ್ರೊಟೆಕ್ಷನ್ ಫಾಲ್ಟ್, ಅಂದರೆ ವಿಳಾಸವೇ ಅಲ್ಲದ ಸಂಖ್ಯೆಯನ್ನು ವಿಳಾಸವೆಂದು ಬಳಸಲು ಹೋಗಿ ಬಿದ್ದದ್ದು. ಆ ಹೆಕ್ಸ್ (ಹದಿನಾರರ ಮಾನದ) ಸಂಖ್ಯೆಯನ್ನು ದಶಮಾನಕ್ಕೆ ತಂದೆ. ಹತ್ತೊಂಬತ್ತು ಅಂಕಿ, ಆರಂಭ 1658. ಲಾಗ್‌ಗಳನ್ನು ದಿನವೂ ಓದುವವರಿಗೆ ಈ ಮುಖ ಪರಿಚಿತ. 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಎಣಿಕೆ 2022ರ ಜುಲೈ ನಡುವಿನಲ್ಲಿ 1658ರಿಂದ ಶುರುವಾಗುತ್ತಿತ್ತು. ಇಲ್ಲಿದ್ದದ್ದು ಅದೇ ಎಣಿಕೆ, ನ್ಯಾನೊಸೆಕೆಂಡ್‌ಗಳಲ್ಲಿ. ಲೆಕ್ಕ ಹಾಕಿದರೆ ಯಂತ್ರ ಬಿದ್ದದ್ದಕ್ಕೆ ಒಂದು ಚಣ ಹಿಂದಿನ ಸಮಯ. ಪಾಯಿಂಟರ್ (ಮೆಮೊರಿ ವಿಳಾಸ) ಇರಬೇಕಾದ ಜಾಗದಲ್ಲಿ ಗಡಿಯಾರ ಕೂತಿತ್ತು. ಅದರ ಪಕ್ಕದ ನಾಲ್ಕು ಬೈಟ್‌ಗಳಲ್ಲಿ ಒಂದು ಪುಟ್ಟ ಸಂಖ್ಯೆ, ಅದರ ಪಕ್ಕದ ನಾಲ್ಕರಲ್ಲಿ ಇನ್ನೊಂದು. ಉಳಿದ ಡಂಪ್‌ಗಳಲ್ಲೂ ಹುಡುಕಿದೆ. ಅವೇ ಹದಿನಾರು ಬೈಟ್‌ಗಳ ಅಚ್ಚು. ಪುಟ್ಟ ಸಂಖ್ಯೆ ಬದಲಾಗುತ್ತಿತ್ತು, ಆದರೆ ಗುಡ್ಡದ ಮೇಲಿನ ಗಾಳಿಯಂತ್ರಗಳ ಕ್ರಮಸಂಖ್ಯೆಯ ಮಿತಿಯನ್ನು ಎಲ್ಲಿಯೂ ದಾಟಿರಲಿಲ್ಲ.

ಇಷ್ಟಾದ ಮೇಲೆ ಅಪರಾಧಿಯನ್ನು ಹುಡುಕುವುದು ಕಷ್ಟವಲ್ಲ. ಸಮಯವನ್ನೂ ಗಾಳಿಯಂತ್ರದ ಸಂಖ್ಯೆಯನ್ನೂ ಜೊತೆಗಿಟ್ಟು ಬರೆಯುವ ಕೋಡ್ ಇಡೀ ಕರ್ನಲ್‌ನಲ್ಲಿ ಒಂದೇ: ಮಾಹಿತಿ ಸಂಗ್ರಹದ ಉಪಕರಣ ಮಾರಿದವರು ಕೊಟ್ಟಿದ್ದ ಮಾಡ್ಯೂಲ್, ಅಂದರೆ ಕರ್ನಲ್‌ಗೆ ಹೊರಗಿನಿಂದ ಸೇರಿಸುವ ಕೋಡ್ ತುಂಡು. ಪ್ರತಿ ಊಪ್ಸ್‌ನ ತಲೆಯಲ್ಲೂ ಕರ್ನಲ್ ‘ಟೇಂಟೆಡ್’ (ಕಲುಷಿತ) ಎಂದು ಗುರುತು ಹಾಕಿ, ಹೊರಗಿನ ಮಾಡ್ಯೂಲ್ ಇದೆ ಎಂದು ಮೊದಲಿನಿಂದಲೂ ಕೂಗುತ್ತಲೇ ಇತ್ತು. ಆದರೆ ಅಂಥ ಗುರುತು ಅರ್ಧ ಊರಿನ ಸರ್ವರ್‌ಗಳಲ್ಲಿ ಇರುತ್ತದೆ, ಅದೊಂದರಿಂದಲೇ ಯಾರನ್ನೂ ಹಿಡಿಯಲಾಗದು. ಪುಣ್ಯಕ್ಕೆ ಆ ಮಾಡ್ಯೂಲ್ ಪ್ರತಿ ಕರ್ನಲ್‌ಗೂ ಹೊಸದಾಗಿ ಕಟ್ಟಿಕೊಳ್ಳುವಂಥದ್ದು, ಮೂಲ ಕೋಡ್ ನಮ್ಮ ಬಳಿಯೇ ಇತ್ತು.

ಓದಿದೆ. ಮಾಡ್ಯೂಲ್, ಪ್ಯಾಕೆಟ್‌ಗಳನ್ನು ಶೋಧಿಸುವ ನೆಟ್‌ಫಿಲ್ಟರ್‌ನ ಮೊದಲ ಹಂತದಲ್ಲಿ ಕೂತು, ಕಳುಹಿಸಿದವರ ಐಪಿ ವಿಳಾಸ ಗಾಳಿಯಂತ್ರದ್ದಾಗಿದ್ದರೆ, ಪ್ಯಾಕೆಟ್‌ನ ವಿವರ ಹೊತ್ತ ಯುಡಿಪಿ ಹೆಡರ್‌ನಿಂದ ಉದ್ದವನ್ನು ಓದುತ್ತದೆ. ಅಷ್ಟು ಬೈಟ್‌ಗಳನ್ನು 2048 ಬೈಟ್‌ನ ಬಫರ್‌ಗೆ (ತಾತ್ಕಾಲಿಕ ಮೆಮೊರಿ ಜಾಗಕ್ಕೆ) ನಕಲಿಸಿ, ಕೊನೆಗೆ ಸಮಯ ಮತ್ತು ಯಂತ್ರದ ಸಂಖ್ಯೆಯ ಹದಿನಾರು ಬೈಟ್‌ಗಳ ಮುದ್ರೆ ಒತ್ತುತ್ತದೆ. ನಕಲಿಗೆ ಬಳಸಿದ್ದು ಕರ್ನಲ್‌ನದೇ ಸರಿಯಾದ ಫಂಕ್ಷನ್. ಉದ್ದ ಸುಳ್ಳಾಗಿದ್ದರೆ ಅದು ಏನನ್ನೂ ನಕಲಿಸದೆ ದೋಷ ಎಂದು ಹೇಳಿ ಮರಳುತ್ತದೆ. ಆ ಉತ್ತರವನ್ನು ಇವರು ಕೇಳಿಸಿಕೊಳ್ಳುವುದೇ ಇಲ್ಲ. ಬಫರ್‌ನ ಆರಂಭಕ್ಕೆ ಸುಳ್ಳು ಉದ್ದವನ್ನು ಕೂಡಿ, ಬಂದ ವಿಳಾಸದಲ್ಲಿ ಮುದ್ರೆ ಒತ್ತಿ ಮುಂದೆ ಹೋಗುತ್ತಾರೆ. ಅಲ್ಲಿ ಯಾರ ಡೆಂಟ್ರಿ ಇತ್ತೋ, ಯಾರ ಪಾಯಿಂಟರ್ ಇತ್ತೋ.

ಹಾಗಾದರೆ ಉದ್ದ ಸುಳ್ಳಾಗುವುದು ಹೇಗೆ? ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಲಿನಕ್ಸ್‌ನಲ್ಲಿ ಒಂದು ಪ್ಯಾಕೆಟ್ ಒಂದೇ ಕಡೆ ಇರಬೇಕೆಂದಿಲ್ಲ. ಸ್ವಲ್ಪ ಭಾಗ ತಲೆಬಫರ್ ಎಂಬ ಮೊದಲ ಜಾಗದಲ್ಲಿ, ಉಳಿದದ್ದು ಮೆಮೊರಿಯ ಬೇರೆ ಪುಟಗಳಲ್ಲಿ ಇರಬಹುದು. ನಾವು ಮೊದಲು ಬಳಸುತ್ತಿದ್ದ 5.4 ಕರ್ನಲ್‌ನಲ್ಲಿ ವರ್ಟಿಯೋ-ನೆಟ್ ಪ್ರತಿ ಪ್ಯಾಕೆಟ್‌ನ ಮೊದಲ 128 ಬೈಟ್‌ಗಳನ್ನು ತಲೆಬಫರ್‌ಗೆ ನಕಲಿಸುತ್ತಿತ್ತು. ಈಥರ್ನೆಟ್‌ನ 14, ಐಪಿಯ 20, ಯುಡಿಪಿಯ 8, ಒಟ್ಟು 42 ಬೈಟ್‌ನ ಹೆಡರ್‌ಗಳು ಅದರಲ್ಲಿ ಆರಾಮವಾಗಿ ಕೂರುತ್ತಿದ್ದವು. 2021ರಲ್ಲಿ ವೇಗದ ದೃಷ್ಟಿಯಿಂದ ಇದನ್ನು ಬದಲಿಸಿ, ಈಥರ್ನೆಟ್ ಹೆಡರ್ ಮಾತ್ರ ನಕಲಿಸುವಂತೆ ಮಾಡಿದರು. ಮುಂದಿನವರು ಬೇಕಾದಷ್ಟನ್ನು ತಾವೇ ಎಳೆದುಕೊಳ್ಳಬೇಕು, ಕರ್ನಲ್‌ನ ನಿಯಮ ಎಂದಿನಿಂದಲೂ ಅದೇ. ಐಪಿ ಪದರ ತನ್ನ ಹೆಡರ್ ಎಳೆದುಕೊಳ್ಳುತ್ತದೆ. ಯುಡಿಪಿ ಹೆಡರ್ ಮಾಡ್ಯೂಲ್ ನೋಡುವ ಹೊತ್ತಿಗೆ ಇನ್ನೂ ಪುಟದಲ್ಲೇ ಇರುತ್ತದೆ. ಮಾಡ್ಯೂಲ್ ಅದು ತಲೆಬಫರ್‌ನಲ್ಲಿದೆ ಎಂದೇ ನಂಬಿ ಅಲ್ಲಿ ಬಿದ್ದಿದ್ದ ಹಳೆಯ ಕಸವನ್ನು ಉದ್ದವೆಂದು ಓದುತ್ತಿತ್ತು. ಮಳೆಗಾಲಕ್ಕೆ ಮುಂಚೆ ನಾವು ಈ ಬದಲಾವಣೆಯುಳ್ಳ 5.15 ಕರ್ನಲ್‌ಗೆ ಹೋಗಿದ್ದೆವು.

ಎಲ್ಲ ಪ್ಯಾಕೆಟ್‌ಗೂ ಹೀಗಾಗುವುದಿಲ್ಲ. 5.15ರಲ್ಲಿ 128 ಬೈಟ್‌ವರೆಗಿನ ಪ್ಯಾಕೆಟ್ ಇಡಿಯಾಗಿ ನಕಲಾಗುತ್ತದೆ. ಅದಕ್ಕಿಂತ ದೊಡ್ಡದಾದರೆ, ಸ್ವೀಕರಿಸಿದ ಬಫರ್‌ನ ಕೊನೆಯಲ್ಲಿ ಸುಮಾರು 320 ಬೈಟ್ ಜಾಗ ಉಳಿದಿದ್ದರೆ ಆ ಬಫರನ್ನೇ ತಲೆಬಫರ್ ಮಾಡಿಕೊಳ್ಳುತ್ತದೆ. ಜಾಗ ಉಳಿಯದಿದ್ದಾಗ ಮಾತ್ರ ಹೆಡರ್ ಪುಟದಲ್ಲಿ ಉಳಿಯುತ್ತದೆ. ನಮ್ಮ ಗೆಸ್ಟ್‌ನಲ್ಲಿ ಆ ಗಡಿ ಸುಮಾರು 1200 ಬೈಟ್‌ನಲ್ಲಿತ್ತು. ಗಾಳಿ ಎದ್ದು ಎಚ್ಚರಿಕೆಗಳು ತುಂಬಿದಾಗ ಪ್ಯಾಕೆಟ್ ದಾಟುತ್ತಿದ್ದದ್ದು ಈ ಗಡಿಯನ್ನೇ. ಇ1000 ಡ್ರೈವರ್ ಸಾಮಾನ್ಯ ಗಾತ್ರದ ಪ್ಯಾಕೆಟನ್ನು ಒಂದೇ ಕಡೆ ಇಟ್ಟು ಕೊಡುತ್ತದೆ, ಹಾಗಾಗಿ ಅಲ್ಲಿ ಬೀಳುತ್ತಿರಲಿಲ್ಲ.

ಲೆಕ್ಕ ಚೆನ್ನಾಗಿ ಕೂಡಿತು ಎಂದು ನಂಬಿಬಿಡುವ ಜಾಯಮಾನ ನನ್ನದಲ್ಲ. ಪರೀಕ್ಷೆಗೆಂದು ಇನ್ನೊಂದು ಗೆಸ್ಟ್ ಎಬ್ಬಿಸಿ ಅದೇ ಮಾಡ್ಯೂಲ್ ಹಾಕಿ, ಅದೇ ಹೋಸ್ಟ್‌ನ ಪಕ್ಕದ ಗೆಸ್ಟ್‌ನಿಂದ 1300 ಬೈಟ್‌ನ ಯುಡಿಪಿ ಪ್ಯಾಕೆಟ್‌ಗಳನ್ನು ಸುರಿದೆ. ಏನೂ ಆಗಲಿಲ್ಲ! ನನ್ನ ಜೊತೆಗಿದ್ದ ಹುಡುಗ ‘ಸರ್, ಸಿದ್ಧಾಂತ ಹೋಯಿತು’ ಎಂದ. ಡ್ರೈವರ್ ಕೋಡ್ ಮತ್ತೆ ಓದಿದಾಗ ಕಾರಣ ಸಿಕ್ಕಿತು. ಪಕ್ಕದ ಗೆಸ್ಟ್‌ನಿಂದ ಬರುವ ಪ್ಯಾಕೆಟ್‌ನಲ್ಲಿ ದೋಷ ಪತ್ತೆಯ ಮೊತ್ತವಾದ ಚೆಕ್‌ಸಮ್ ಅರ್ಧಕ್ಕೇ ಬಿಟ್ಟಿರುತ್ತದೆ, ತಂತಿ ದಾಟದ ಪ್ಯಾಕೆಟ್‌ಗೆ ಅದರ ಗೊಡವೆ ಬೇಕಿಲ್ಲವೆಂದು. ಅಂಥ ಪ್ಯಾಕೆಟ್ ಬಂದರೆ ವರ್ಟಿಯೋ ಯುಡಿಪಿ ಹೆಡರನ್ನು ತಾನೇ ತಲೆಬಫರ್‌ಗೆ ಎಳೆದಿಡುತ್ತದೆ. ತಂತಿಯ ಮೇಲೆ ಬಂದ ಪ್ಯಾಕೆಟ್‌ಗೆ ಆ ಉಪಚಾರ ಇಲ್ಲ. ಲ್ಯಾಪ್‌ಟಾಪ್ ಅನ್ನು ಸ್ವಿಚ್‌ಗೆ ಸಿಕ್ಕಿಸಿ ಅಲ್ಲಿಂದ ಕಳುಹಿಸಿದೆ. ಸ್ವಲ್ಪ ಹೊತ್ತಿಗೆ ಗೆಸ್ಟ್ ಮಗುಚಿತು. 1100 ಬೈಟ್‌ಗೆ ಇಳಿಸಿದರೆ ಎಷ್ಟು ಹೊತ್ತು ಸುರಿದರೂ ಅಲುಗಾಡಲಿಲ್ಲ.

ಕೊನೆಯ ಪುರಾವೆಗೆ ಸ್ಲಬ್ ಡೀಬಗ್ ಆನ್ ಮಾಡಿ ಬೂಟ್ ಮಾಡಿದೆ. ಅದು ಬಿಡುಗಡೆಯಾದ ಮೆಮೊರಿಯನ್ನೆಲ್ಲ ಹೆಕ್ಸ್ 6ಬಿ ಎಂಬ ಬೈಟ್‌ನಿಂದ ತುಂಬುತ್ತದೆ, ಮತ್ತೆ ಹಂಚುವಾಗಲೂ ಅದೇ ತುಂಬಿರುತ್ತದೆ. ಅಂದರೆ ಮಾಡ್ಯೂಲ್ ಓದುವ ಕಸ ಇನ್ನು ಯಾವಾಗಲೂ ಒಂದೇ ಆಗಬೇಕು: 6ಬಿ6ಬಿ, ದಶಮಾನದಲ್ಲಿ 27499. ಮುದ್ರೆ ಒತ್ತುವ ಸಾಲಿನ ಹಿಂದೆ ಉದ್ದವನ್ನು ಅಚ್ಚುಮಾಡುವ ಒಂದು ಸಾಲು ಸೇರಿಸಿದೆ. ಸೀರಿಯಲ್ ಲಾಗ್‌ನಲ್ಲಿ 1308 ಎಂದು ಬರಬೇಕಿದ್ದ ಕಡೆ 27499, 27499, 27499 ಎಂದು ಸಾಲಾಗಿ ಬಂದು ಲಾಗ್ ನಿಂತಿತು. ಹುಡುಗ ಅದರ ಫೋಟೊ ತೆಗೆದುಕೊಂಡ.

ಮೆಮೊರಿಯ ತಪ್ಪು ಬಳಕೆ ಹಿಡಿಯುವ ಕರ್ನಲ್ ಸಾಧನ ಕಾಸಾನ್ ಹಾಕಿದ್ದರೆ ಮೊದಲ ದಿನವೇ ಸಿಗುತ್ತಿತ್ತು ಎಂದು ಆಮೇಲೆ ಕೆಲವರು ಹೇಳಿದರು. ಖಚಿತವಿಲ್ಲ. ಓದಿದ ಕಸ ತಲೆಬಫರ್‌ನ ಒಳಗೇ ಇದ್ದದ್ದು, ಅದು ಕಾಸಾನ್ ಕಣ್ಣಿಗೆ ತಪ್ಪೇ ಅಲ್ಲ. ಬರೆದದ್ದು ಇಪ್ಪತ್ತೇಳು ಸಾವಿರ ಬೈಟ್ ಆಚೆ. ಅಲ್ಲಿ ಬೇರೆ ಯಾರದೋ ಜೀವಂತ ಮೆಮೊರಿ ಇದ್ದರೆ ಅದೂ ತಪ್ಪಲ್ಲ. ಪಕ್ಕದ ಗಡಿ ದಾಟಿದವರನ್ನು ಕಾಸಾನ್ ಹಿಡಿಯುವಷ್ಟು ಚೆನ್ನಾಗಿ ದೂರಕ್ಕೆ ಹಾರಿದವರನ್ನು ಹಿಡಿಯುವುದಿಲ್ಲ.

ಮಾರಿದವರಿಗೆ ಡಂಪ್‌ನ ಸಾಲುಗಳನ್ನೂ 27499ರ ಕಥೆಯನ್ನೂ ಬರೆದು ಕಳುಹಿಸಿದೆ. ‘ಹಳೆಯ ಕರ್ನಲ್‌ನಲ್ಲಿ ಸರಿಯಾಗಿದೆ, ನೀವೇ ಕರ್ನಲ್ ಬದಲಿಸಿದಿರಿ’ ಎಂಬ ಉತ್ತರ ಬಂತು. ಸರಿಯಾಗಿತ್ತು ಎನ್ನುವುದಕ್ಕಿಂತ ಬಚಾವಾಗಿತ್ತು ಎನ್ನಬೇಕು. ಆಮೇಲೆ ಒಂದು ತಿದ್ದುಪಡಿ ಕೊಟ್ಟರು. ಅದರಲ್ಲಿ ಹೆಡರನ್ನು ಕ್ರಮವಾಗಿ ಎಳೆದುಕೊಂಡು ಓದುತ್ತಿದ್ದರು, ಆದರೆ ನಕಲಿನ ಫಂಕ್ಷನ್ ಕೊಡುವ ಉತ್ತರವನ್ನು ಆಗಲೂ ನೋಡುತ್ತಿರಲಿಲ್ಲ. ಹೆಡರ್‌ನಲ್ಲೇ ಸುಳ್ಳು ಉದ್ದ ಬರೆದ ಪ್ಯಾಕೆಟೊಂದನ್ನು ತಯಾರಿಸಿ ಕಳುಹಿಸಿ ಮತ್ತೆ ಕೆಡವಿ ತೋರಿಸಿದ ಮೇಲೆ ಅದೂ ಸರಿಹೋಯಿತು. ಗ್ರಾಹಕರು ಹಿಂದೆ ಕೆಲವು ವಾರಗಳಿಂದ ದೂರುತ್ತಿದ್ದ ಅರೆಬರೆ ದಾಖಲೆಗಳ ಗುಟ್ಟೂ ಅದರೊಂದಿಗೆ ತಿಳಿಯಿತು. ಕಸದ ಉದ್ದ ಸಣ್ಣದಾಗಿದ್ದಾಗ ಯಂತ್ರ ಬೀಳದೆ ಮಾಹಿತಿ ಮಾತ್ರ ತುಂಡಾಗುತ್ತಿತ್ತು.

ಇ1000 ತೆಗೆದು ವರ್ಟಿಯೋಗೆ ಮರಳಿದೆವು. ಸೀರಿಯಲ್ ಲಾಗ್ ಮತ್ತು ಪಿವಿಪ್ಯಾನಿಕ್ ಈಗ ಎಲ್ಲ ಗೆಸ್ಟ್‌ಗಳಲ್ಲೂ ಇವೆ. ಡಂಪ್‌ಗೆಂದು ಪ್ರತ್ಯೇಕ ಡಿಸ್ಕ್ ಕೇಳಿದ್ದಕ್ಕೆ ಲೆಕ್ಕ ವಿಭಾಗದವರು ಇನ್ನೂ ಗೊಣಗುತ್ತಿದ್ದಾರೆ.